ಹೋಗುವಾಗ ಒಂದು ಕಂಬಿ, ಬರುವಾಗ ಇನ್ನೊಂದು

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಇಂಗ್ಲೆಂಡಿನ ಡರ್ಬಿ ನಗರದ ಹೊರವಲಯದಲ್ಲಿ ಒಂದು ಮನೆಯ ಹಿತ್ತಲು. ರಾತ್ರಿ ಬಿದ್ದ ಮಳೆಗೆ ಹುಲ್ಲು ಇನ್ನೂ ಒದ್ದೆಯಾಗಿದೆ. ಹದಿಮೂರು ವರ್ಷದ ಹುಡುಗನೊಬ್ಬ ಮಂಡಿಯ ಕೆಳಗೆ ಹಳೆಯ ದಿಂಬು ಹಾಕಿಕೊಂಡು ಕೂತು, ಗಿಡಗಳ ನಡುವೆ ಹಾದುಹೋಗಿರುವ ಪುಟ್ಟ ರೈಲು ಕಂಬಿಯನ್ನು ಉಜ್ಜುತ್ತಿದ್ದಾನೆ. ಉಜ್ಜುವುದು, ಬಟ್ಟೆಯಿಂದ ಒರೆಸುವುದು, ಬಟ್ಟೆಯನ್ನು ತಿರುಗಿಸಿ ನೋಡುವುದು. ಕಪ್ಪು ಹತ್ತಿದ್ದರೆ ಮತ್ತೆ ಒರೆಸುವುದು. ಅವನ ಮುಂದೆ ಇನ್ನೂ ಐವತ್ತು ಮೀಟರ್ ಕಂಬಿ ಉಳಿದಿದೆ. ರೈಲು ಮಾತ್ರ ಶೆಡ್ಡಿನೊಳಗೆ ಬೆಚ್ಚಗೆ ಕೂತಿದೆ.

ಇದು 2009ರ ಬೇಸಿಗೆಯ ಮಾತು. ಹುಡುಗನ ಅಪ್ಪ ಅರಸೀಕೆರೆ ಕಡೆಯವರು. ಬೆಂಗಳೂರಿನಲ್ಲಿ ಓದಿ, ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯ ಕೆಲಸ ಹಿಡಿದು ಡರ್ಬಿಗೆ ಬಂದವರು. ಹುಡುಗ ಹುಟ್ಟಿದ್ದು ಅಲ್ಲೇ. ಆದರೆ ರೈಲು ಇದ್ದ ಹಿತ್ತಲು ಅವರದಲ್ಲ, ಪಕ್ಕದ ಮನೆಯದು. ಆ ಮನೆಯ ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹಿತ್ತಲಿನ ಸುತ್ತ ಅರವತ್ತು ಮೀಟರ್ ಉದ್ದದ ಹಳಿ ಹಾಕಿ, ಒಂದು ಸುರಂಗ, ಒಂದು ಸೇತುವೆ, ಒಂದು ಸ್ಟೇಷನ್ ಕಟ್ಟಿಕೊಂಡಿದ್ದರು. ಬೇಲಿಯಾಚೆಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ ಹುಡುಗನನ್ನು ಅವರೇ ಒಳಗೆ ಕರೆದರು. ಕರೆದವರು ಒಂದು ಕರಾರನ್ನೂ ಹಾಕಿದರು: ಒಂದು ಗಂಟೆ ಕಂಬಿ ಒರೆಸಿದವನಿಗೆ ಒಂದು ಗಂಟೆ ರೈಲು.

ಡರ್ಬಿಯಲ್ಲಿ ಇಂಥ ಹುಚ್ಚು ಹೊಸತೇನಲ್ಲ. 1844ರಲ್ಲಿ ಹುಟ್ಟಿದ ಮಿಡ್‌ಲ್ಯಾಂಡ್ ರೈಲ್ವೆಗೆ ಆ ಊರೇ ಕೇಂದ್ರ. ಊರಿನ ಉತ್ತರಕ್ಕೆ ಕೆಲವೇ ಮೈಲಿ ದೂರದ ಡಫೀಲ್ಡ್‌ನಲ್ಲಿ ಸರ್ ಆರ್ಥರ್ ಹೇವುಡ್ ಎಂಬ ಶ್ರೀಮಂತರು 1870ರ ದಶಕದಲ್ಲೇ ತಮ್ಮ ಮನೆಯ ಆವರಣದಲ್ಲಿ ಹದಿನೈದು ಅಂಗುಲ ಅಗಲದ ರೈಲು ಮಾರ್ಗ ಹಾಕಿ ಜನರನ್ನು ಕೂರಿಸಿ ಓಡಿಸಿದ್ದರು. ಇನ್ನೂ ಚಿಕ್ಕದು ಬೇಕೆಂದರೆ ಬೀಕನ್ಸ್‌ಫೀಲ್ಡ್‌ನ ಬೆಕನ್‌ಸ್ಕಾಟ್ ಎಂಬ ಬೊಂಬೆ ಊರು ಇದೆ. 1929ರಲ್ಲಿ ತೆರೆದ ಆ ಊರಿನಲ್ಲಿ 45 ಮಿಲಿಮೀಟರ್ ಹಳಿಯ ಮೇಲೆ ಬಯಲಲ್ಲೇ ರೈಲು ಓಡುತ್ತದೆ. ಮಳೆಗೂ ಗಾಳಿಗೂ ಒಡ್ಡಿದ ಹಳಿ. ಅದನ್ನು ಯಾರೋ ಪ್ರತಿದಿನ ನೋಡಿಕೊಳ್ಳಲೇಬೇಕು.

ಒರೆಸಲೇಬೇಕು ಏಕೆ? ಹುಡುಗನೂ ಮೊದಲ ವಾರ ಇದೇ ಪ್ರಶ್ನೆ ಕೇಳಿದ್ದ. ಯಜಮಾನರು ಉತ್ತರ ಹೇಳಲಿಲ್ಲ. ಎರಡು ವಾರ ಮುಟ್ಟದೆ ಬಿಟ್ಟಿದ್ದ ಹಳಿಯ ಮೇಲೆ ಎಂಜಿನ್ ಇಟ್ಟು, ಗುಬ್ಬಿ ತಿರುಗಿಸು ಎಂದರು. ಎಂಜಿನ್ ಒಂದು ಮಾರು ಹೋಯಿತು, ದೀಪ ಮಿಣುಕಿತು, ನಿಂತಿತು. ಬೆರಳಿನಿಂದ ತಳ್ಳಿದರೆ ಮತ್ತೊಂದು ಮಾರು. ಚಕ್ರದ ಅಡಿಯಲ್ಲಿ ಸಣ್ಣ ಸಣ್ಣ ನೀಲಿ ಕಿಡಿ.

ಇಂಥ ರೈಲಿಗೆ ಕರೆಂಟು ಬರುವುದು ಹಳಿಯಿಂದಲೇ. ಒಂದು ಕಂಬಿ ಧನ, ಇನ್ನೊಂದು ಋಣ. ಗರಿಷ್ಠ 24 ವೋಲ್ಟ್, ಮುಟ್ಟಿದರೆ ಹೊಡೆಯುವಂಥದ್ದಲ್ಲ. ಒಂದು ಕಂಬಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ, ಮೋಟಾರಿನಿಂದ ಆಚೆ ಚಕ್ರದ ಮೂಲಕ ಇನ್ನೊಂದು ಕಂಬಿಗೆ ಕರೆಂಟು ಹರಿದರೆ ಮಾತ್ರ ಓಟ. ಚಕ್ರವೂ ಕಂಬಿಯೂ ನಿಜಕ್ಕೂ ತಾಗುವ ಜಾಗ ಒಂದು ಚುಕ್ಕೆಯಷ್ಟು. ಆ ಚುಕ್ಕೆಯ ನಡುವೆ ಒಂದು ತೆಳುಪೊರೆ ಬಂದರೂ ಸಾಕು, ದಾರಿ ಕಟ್ಟಿಹೋಗುತ್ತದೆ.

ಹಿತ್ತಲಿನಲ್ಲಿ ಪೊರೆಗೇನು ಬರ? ಕಂಬಿ ಹಿತ್ತಾಳೆಯದು. ಮಳೆಯಲ್ಲಿ ನೆನೆದ ಹಿತ್ತಾಳೆ ತಾಮ್ರದ ಚೊಂಬಿನ ಹಾಗೆ ಮಂಕಾಗುತ್ತದೆ. ಆ ಮಂಕು ಎಂದರೆ ಲೋಹದ ಆಕ್ಸೈಡ್. ಅದು ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ಸಿಕಮೋರ್ ಮರದ ಎಲೆಗಳ ಮೇಲೆ ಕೂತ ಗಿಡಹೇನುಗಳು ಬೇಸಿಗೆಯಲ್ಲಿ ಅಂಟುರಸ ಸುರಿಸುತ್ತವೆ. ಬಸವನಹುಳು ರಾತ್ರಿ ಹಳಿ ದಾಟಿದರೆ ಬೆಳಿಗ್ಗೆ ಬೆಳ್ಳಿಗೆರೆ. ಹಕ್ಕಿ ಹಿಕ್ಕೆಯ ಮಾತು ಬೇಡ. ಸುರಂಗದಲ್ಲಿ ಜೇಡರ ಬಲೆ. ಇದೆಲ್ಲ ಸಾಲದೆಂಬಂತೆ ರೈಲು ತಾನೇ ಹೊಲಸು ಮಾಡುತ್ತದೆ. ಚಕ್ರದ ಅಡಿ ಕಿಡಿ ಹಾರಿದಾಗಲೆಲ್ಲ ಎಣ್ಣೆಯೂ ಧೂಳೂ ಸುಟ್ಟು ಕಪ್ಪು ಕಿಟ್ಟವಾಗಿ ಕಂಬಿಗೂ ಚಕ್ರಕ್ಕೂ ಹತ್ತುತ್ತದೆ. ಕಿಟ್ಟ ಹೆಚ್ಚಿದಷ್ಟೂ ಕಿಡಿ, ಕಿಡಿ ಹೆಚ್ಚಿದಷ್ಟೂ ಕಿಟ್ಟ.

ದೊಡ್ಡ ರೈಲುಗಳಿಗೂ ಈ ಕಾಟ ತಪ್ಪಿದ್ದಲ್ಲ. ಬ್ರಿಟನ್ನಿನಲ್ಲಿ ಎಲೆ ಉದುರುವ ಕಾಲ ಬಂತೆಂದರೆ ಹಳಿಯ ಮೇಲೆ ಬಿದ್ದ ಎಲೆ ಚಕ್ರದಡಿ ಅರೆದು ಕಪ್ಪು ಜಾರುಪೊರೆಯಾಗುತ್ತದೆ. ಬ್ರೇಕು ಹಾಕಿದರೆ ರೈಲು ಜಾರುತ್ತದೆ. ಹಳಿಯ ಮೂಲಕ ಕರೆಂಟು ಹರಿಸಿ ರೈಲು ಎಲ್ಲಿದೆ ಎಂದು ತಿಳಿಯುವ ಸಿಗ್ನಲ್ ವ್ಯವಸ್ಥೆಯೂ ತಬ್ಬಿಬ್ಬಾಗುತ್ತದೆ. ಅದಕ್ಕೇ ಪ್ರತಿ ವರ್ಷ ಆ ತಿಂಗಳುಗಳಲ್ಲಿ ಭಾರೀ ಒತ್ತಡದ ನೀರು ಚಿಮ್ಮಿಸಿ ಹಳಿ ತೊಳೆಯುವ ವಿಶೇಷ ರೈಲುಗಳು ಓಡಾಡುತ್ತವೆ.

ಹಿತ್ತಲಿಗೆ ಬೇಕಾದದ್ದು ಅಷ್ಟೆಲ್ಲ ಅಲ್ಲ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಎಲೆ, ಜಲ್ಲಿ ಗುಡಿಸಬೇಕು. ಆಮೇಲೆ ನವಿರಾದ ಉಜ್ಜುಬಿಲ್ಲೆಯಿಂದ ಕಂಬಿಯ ನೆತ್ತಿಯನ್ನು, ಒಳ ಅಂಚನ್ನು ಉಜ್ಜಬೇಕು. ಕೊನೆಗೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಉಜ್ಜಿ ಒರೆಸದೆ ಬಿಟ್ಟರೆ ಪುಡಿಯೆಲ್ಲ ಅಲ್ಲೇ ಉಳಿದು ಮಾಡಿದ ಕೆಲಸ ವ್ಯರ್ಥ. ಎಂಜಿನ್ನಿನ ಚಕ್ರಗಳನ್ನೂ ಒರೆಸಬೇಕು. ಇಲ್ಲವಾದರೆ ಅದು ಮೊದಲ ಸುತ್ತಿನಲ್ಲೇ ತನ್ನ ಹೊಲಸನ್ನು ಇಡೀ ಹಳಿಗೆ ಹಂಚಿಬರುತ್ತದೆ.

ಯಜಮಾನರ ಶೆಡ್ಡಿನಲ್ಲಿ ಮೂರು ಕಟ್ಟುನಿಟ್ಟುಗಳಿದ್ದವು. ಒರಟು ಉಪ್ಪುಕಾಗದ ಮುಟ್ಟಬಾರದು. ಉಕ್ಕಿನ ನಾರು ಹಿತ್ತಲಿಗೇ ಬರಬಾರದು. ಮೂರನೆಯದು, ಬಾಗಿಲ ಹಿಂದೆ ದಾರ ಕಟ್ಟಿ ತೂಗುಹಾಕಿದ್ದ ನೋಟ್‌ಪುಸ್ತಕ. ಯಾವ ದಿನ, ಯಾರು ಒರೆಸಿದ್ದು, ಏನು ಕಂಡಿತು ಎಂದು ಬರೆದು ಸಹಿ ಮಾಡಬೇಕು. ಕೆಲಸ ಮುಗಿಸದೆ ಸಹಿ ಹಾಕುವಂತಿಲ್ಲ. ಹುಡುಗನಿಗೆ ಇದು ಅತಿಯಾಯಿತು ಎನಿಸುತ್ತಿತ್ತು. ಆಟದ ರೈಲಿಗೆ ಸಹಿ ಬೇರೆ!

ಆ ವರ್ಷ ಜೂನ್‌ನಲ್ಲಿ ಅರಸೀಕೆರೆಯಿಂದ ತಾತ ಬಂದರು. ವಯಸ್ಸು 76. ಅವರು ಮನೆಯಿಂದ ಇಷ್ಟು ದೂರ ಬಂದದ್ದು ಅದೇ ಮೊದಲು. ಮನೆಗೆ ಬರುವ ಕನ್ನಡ ಬಳಗದವರು ‘ನಿಮ್ಮ ತಂದೆಯವರು ಏನು ಮಾಡ್ತಿದ್ದರು?’ ಎಂದು ಕೇಳಿದರೆ ಅಪ್ಪ, ‘ರೈಲ್ವೇಸ್‌ನಲ್ಲಿದ್ದರು’ ಎಂದು ಹೇಳಿ ಕಾಫಿ ತರಲು ಎದ್ದುಬಿಡುತ್ತಿದ್ದರು. ಕೇಳಿದವರು ಯಾರೋ ದೊಡ್ಡ ಅಧಿಕಾರಿ ಇರಬೇಕು ಎಂದುಕೊಳ್ಳುತ್ತಿದ್ದರು. ಅಪ್ಪ ತಿದ್ದುತ್ತಿರಲಿಲ್ಲ. ಹುಡುಗ ಚಿಕ್ಕವನಿದ್ದಾಗ ಶಾಲೆಯ ಪ್ರಬಂಧದಲ್ಲಿ ‘ನನ್ನ ತಾತ ರೈಲ್ವೆ ಎಂಜಿನಿಯರ್’ ಎಂದು ಬರೆದಿದ್ದ. ಅದನ್ನೂ ಅಪ್ಪ ಓದಿ ಸುಮ್ಮನೆ ಮಡಚಿಟ್ಟಿದ್ದರು.

ತಾತ ಕೀಮ್ಯಾನ್ ಆಗಿದ್ದರು. ಬಾಣಾವರದ ಬಳಿ ತಮ್ಮ ಗ್ಯಾಂಗಿನ ಸರಹದ್ದನ್ನು ದಿನವೂ ನಡೆದು, ಕಂಬಿಯನ್ನು ಸ್ಲೀಪರಿಗೆ ಬಿಗಿದ ಕೀ ಸಡಿಲವಾಗಿದ್ದರೆ ಸುತ್ತಿಗೆಯಿಂದ ಬಡಿದು ಕೂರಿಸಿ, ಜೋಡಣೆಯ ಬೋಲ್ಟು ಬಿಗಿಮಾಡಿ, ಕಂಬಿಯಲ್ಲಿ ಬಿರುಕು ಕಂಡರೆ ಕೆಂಪು ಬಾವುಟ ನೆಟ್ಟು ರೈಲು ನಿಲ್ಲಿಸುವ ಕೆಲಸ. 1993ರಲ್ಲಿ ನಿವೃತ್ತರಾದರು. ಅವರು ನಡೆದ ಮೀಟರ್‌ಗೇಜ್ ದಾರಿ ಅದೇ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಹಳೆಯ ಹಳಿ ಕಿತ್ತದ್ದನ್ನು ಅವರು ನೋಡಲು ಹೋಗಿರಲಿಲ್ಲ.

ಬಂದ ಮರುದಿನವೇ ತಾತ ಬೇಲಿಯಾಚೆಯ ರೈಲನ್ನು ಕಂಡರು. ಮಗುವಿನಂತೆ ನಗುತ್ತಾರೇನೋ ಎಂದು ಹುಡುಗ ನೋಡುತ್ತಿದ್ದ. ಅವರು ನಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಕಂಬಿಯ ಮೇಲೆ ಕಣ್ಣು ನೆಟ್ಟು ಸುತ್ತಲೂ ನಡೆದರು. ಸೇತುವೆಯ ಬಳಿ ನಿಂತು ಊರುಗೋಲಿನ ತುದಿಯಿಂದ ಜೋಡಣೆಯೊಂದನ್ನು ಮೆಲ್ಲಗೆ ತಟ್ಟಿದರು. ಯಜಮಾನರು ಬಗ್ಗಿ ನೋಡಿದರು. ಜೋಡಣೆ ಸಡಿಲವಾಗಿತ್ತು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ಇಂಗ್ಲಿಷ್ ಬಾರದು. ಇಬ್ಬರೂ ತಲೆಯಾಡಿಸಿದರು.

ಅಂದು ಸಂಜೆ ಯಜಮಾನರು ಹುಡುಗನಿಗೆ ಒಂದು ಲೆಕ್ಕ ಕೊಟ್ಟರು. ಈ ಬಗೆಯ ಹಿತ್ತಲ ರೈಲನ್ನು ಜರ್ಮನಿಯ ಲೇಮನ್ ಕಂಪನಿ 1968ರಲ್ಲಿ ನ್ಯೂರೆಂಬರ್ಗ್‌ನ ಆಟಿಕೆ ಮೇಳದಲ್ಲಿ ಹೊರತಂದಿತು. ಹಳಿಯ ಅಗಲ 45 ಮಿಲಿಮೀಟರ್. ನಿಜವಾದ ರೈಲಿನ 22.5ರಲ್ಲಿ ಒಂದು ಭಾಗ. ಹಾಗಾದರೆ ನಿಜವಾದ ಹಳಿಯ ಅಗಲ ಎಷ್ಟು? ಹುಡುಗ ಗುಣಿಸಿದ. 1012 ಚಿಲ್ಲರೆ. ಹೆಚ್ಚುಕಡಿಮೆ ಒಂದು ಮೀಟರ್. ಅವನು ಬೇಲಿ ದಾಟಿ ಓಡಿ ಬಂದು, ‘ತಾತ, ಅದು ನಿಮ್ಮ ಮೀಟರ್‌ಗೇಜೇ!’ ಎಂದು ಕೂಗಿದ.

‘ಅದು ಕಂಡ್ ತಕ್ಷಣನೇ ಗೊತ್ತಾಯ್ತು ಬಿಡು ಮಗ,’ ಎಂದರು ತಾತ.

ಅಂದಿನಿಂದ ಶನಿವಾರದ ಕೆಲಸಕ್ಕೆ ತಾತನೂ ಜೊತೆಯಾದರು. ಬಗ್ಗಲು ಆಗುತ್ತಿರಲಿಲ್ಲ, ನಡೆದು ನೋಡುವುದಷ್ಟೇ. ಹುಡುಗ ಎರಡೂ ಕಂಬಿಗಳನ್ನು ಒಟ್ಟಿಗೇ ಉಜ್ಜಿಕೊಂಡು ಹೋಗುತ್ತಿದ್ದುದನ್ನು ಕಂಡು ತಡೆದರು. ‘ಹೋಗುವಾಗ ಒಂದು ಕಂಬಿ, ಬರುವಾಗ ಇನ್ನೊಂದು. ನಮ್ಗೆ ಹಂಗೇ ರೂಲ್ಸು. ಎರಡನ್ನೂ ಒಂದೇ ಸಲ ನೋಡ್ತೀನಿ ಅನ್ನೋನು ಒಂದನ್ನೂ ನೋಡಲ್ಲ.’

ಜುಲೈ ತಿಂಗಳ ಒಂದು ಭಾನುವಾರ ಯಜಮಾನರು ಹಿತ್ತಲನ್ನು ಊರ ಮಕ್ಕಳಿಗೆ ತೆರೆಯುವುದು ವಾಡಿಕೆ. ಬಂದವರು ಡಬ್ಬಿಗೆ ಹಾಕಿದ ಹಣ ಅವರ ಹೆಂಡತಿ ಕೊನೆಯ ದಿನಗಳನ್ನು ಕಳೆದ ಆರೈಕೆ ಮನೆಗೆ ಹೋಗುತ್ತಿತ್ತು. ಹಿಂದಿನ ದಿನ ಯಜಮಾನರು ಸಾಮಾನು ತರಲು ಪೇಟೆಗೆ ಹೋಗಿದ್ದರು. ತಾತನಿಗೆ ಸ್ವಲ್ಪ ನೆಗಡಿ, ಮಲಗಿದ್ದರು. ಹುಡುಗನೊಬ್ಬನೇ. ಹತ್ತು ಗಂಟೆಗೆ ಗೆಳೆಯರು ಕ್ರಿಕೆಟ್ಟಿಗೆ ಕರೆದರು.

ಅವನು ಗ್ಯಾರೇಜಿಗೆ ಹೋದ. ಅಪ್ಪ ಮರದ ಪಾಲಿಶಿಗೆಂದು ಇಟ್ಟಿದ್ದ ಉಕ್ಕಿನ ನಾರಿನ ಉಂಡೆ ಅಲ್ಲಿತ್ತು. ಕಾಲು ಗಂಟೆಯಲ್ಲಿ ಕಂಬಿ ಬಂಗಾರದ ಹಾಗೆ ಫಳಫಳ ಹೊಳೆಯಿತು. ಬಟ್ಟೆಯಿಂದ ಒರೆಸುವ ಗೋಜಿಗೆ ಹೋಗಲಿಲ್ಲ. ಸುರಂಗದೊಳಗೆ ಯಾರು ನೋಡುತ್ತಾರೆಂದು ಕೈಯನ್ನೇ ಹಾಕಲಿಲ್ಲ. ನೋಟ್‌ಪುಸ್ತಕದಲ್ಲಿ ತಾರೀಖು ಬರೆದು, ‘ಪೂರ್ತಿ ಒರೆಸಿದೆ, ಎಲ್ಲ ಸರಿಯಾಗಿದೆ’ ಎಂದು ಸಹಿ ಹಾಕಿದ. ಕ್ರಿಕೆಟ್ಟಿನಲ್ಲಿ ಇಪ್ಪತ್ತೆರಡು ರನ್ ಹೊಡೆದ.

ಭಾನುವಾರ ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಕಂಬಿಯ ಹೊಳಪು ನೋಡಿ ಯಜಮಾನರು ಹುಡುಗನ ಬೆನ್ನು ತಟ್ಟಿದರು. ಮೂವತ್ತು ಮಕ್ಕಳು ಸೇರಿದ್ದರು. ಮೂರು ಸುತ್ತು ರೈಲು ಓಡಿತು. ನಾಲ್ಕನೆಯ ಸುತ್ತಿನಲ್ಲಿ ಸುರಂಗದೊಳಗೆ ಹೋದದ್ದು ಹೊರಗೆ ಬರಲಿಲ್ಲ. ಯಜಮಾನರು ಕೈಹಾಕಿ ಎಳೆದು ತೆಗೆದರು. ಎಂಜಿನ್ ಬಿಸಿಯಾಗಿತ್ತು, ಸುಟ್ಟ ವಾಸನೆ. ಇನ್ನೊಂದು ಹಳೆಯ ಎಂಜಿನ್ ತಂದಿಟ್ಟರೆ ಅದೂ ಸುರಂಗದಲ್ಲಿ ತಡವರಿಸಿ ತಡವರಿಸಿ ನಿಂತಿತು. ಮಕ್ಕಳು ಸ್ವಲ್ಪ ಹೊತ್ತು ಕಾದು, ಬಿಸ್ಕತ್ತು ತಿಂದು, ಒಬ್ಬೊಬ್ಬರಾಗಿ ಹೊರಟರು. ಕೆಟ್ಟುಹೋದ ಎಂಜಿನ್ ಯಜಮಾನರಿಗೆ ಹೆಂಡತಿ ಕೊಡಿಸಿದ್ದು.

ಶೆಡ್ಡಿನಲ್ಲಿ ಯಜಮಾನರು ಎಂಜಿನ್ ಬಿಚ್ಚಿದರು. ಮೋಟಾರಿನೊಳಗೆ ಕಾಂತವಿರುತ್ತದೆ. ಹಳಿಯ ಮೇಲೆ ಉದುರಿದ್ದ ಉಕ್ಕಿನ ಎಳೆಗಳನ್ನು ಚಕ್ರ ಮೇಲಕ್ಕೆತ್ತಿದೆ, ಕಾಂತ ಒಳಕ್ಕೆ ಸೆಳೆದಿದೆ. ಕೂದಲಿನಷ್ಟು ತೆಳುವಾದ ಎಳೆಗಳು ಒಳಗೆ ಅಡ್ಡ ಬಿದ್ದು ಶಾರ್ಟ್ ಆಗಿತ್ತು. ಅವರು ಚಿಮಟದಿಂದ ಒಂದೊಂದೇ ಎಳೆ ತೆಗೆದು ಬಿಳಿ ಕಾಗದದ ಮೇಲೆ ಇಟ್ಟರು. ಉಕ್ಕಿನ ನಾರು ಬರಬಾರದು ಎಂಬ ಮಾತಿನ ಅರ್ಥ ಹುಡುಗನಿಗೆ ಅಂದು ತಿಳಿಯಿತು. ಯಜಮಾನರು ಯಾರನ್ನೂ ಏನೂ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು.

ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ ಹುಡುಗನ ಪಕ್ಕ ತಾತ ಬಂದು ಕೂತರು. ಅಂಗೈ ಬಿಚ್ಚಿದರು. ಅದರಲ್ಲಿ ನಾಲ್ಕೈದು ಉಕ್ಕಿನ ಎಳೆಗಳಿದ್ದವು. ಬೆಳಿಗ್ಗೆಯೇ ಸ್ಲೀಪರಿನ ಮೇಲೆ ಕಂಡಿದ್ದರಂತೆ. ಅವು ಇಷ್ಟು ಹಾಳು ಮಾಡುತ್ತವೆಂದು ಅವರಿಗೂ ಗೊತ್ತಿರಲಿಲ್ಲ.

‘ಒಂದ್ ಸಲ ಮಳೆ,’ ಎಂದು ತಾತ ಶುರುಮಾಡಿದರು. ‘ನಿಮ್ಮಪ್ಪ ಆಗ ಕೈಕೂಸು. ಮೈ ಬೇರೆ ಬಿಸಿಯಾಗಿತ್ತು. ಹೋಗೋ ದಾರೀಲಿ ಒಂದು ಕಂಬಿ ನೋಡ್ದೆ. ಬರೋವಾಗ ನೋಡ್ಲಿಲ್ಲ, ರಸ್ತೆ ಹಿಡಿದು ಮನೆಗೆ ಬಂದ್ಬಿಟ್ಟೆ. ಎಲ್ಲ ಸರಿಯಾಗೈತೆ ಅಂತ ಮೇಸ್ತ್ರಿಗೆ ಹೇಳ್ದೆ. ರಾತ್ರಿ ಮುದ್ದೆ ಗಂಟಲಲ್ಲಿ ಇಳೀಲಿಲ್ಲ. ಲಾಟೀನು ಹಿಡ್ಕೊಂಡು ಮತ್ತೆ ಹೊರಟೆ. ಒಂದೇ ಕಡೆ ನಾಲ್ಕು ಕೀ ಉದುರಿದ್ವು ಮಗ, ತಿರುವಿನಲ್ಲಿ. ಬಡಿದು ಕೂರಿಸಿ ಅಲ್ಲೇ ಕೂತಿದ್ದೆ. ಗೂಡ್ಸು ನನ್ನ ಮುಂದೆ ಹೋಯ್ತು. ಡ್ರೈವರ್ರು ಕೈ ಬೀಸಿದ.’

‘ಆಮೇಲೆ?’

‘ಆಮೇಲೇನು. ಯಾರಿಗೂ ಗೊತ್ತಾಗ್ಲಿಲ್ಲ. ನಿಮ್ಮಜ್ಜಿಗೂ ಹೇಳಿರ್ಲಿಲ್ಲ. ಈಗ ನಿಂಗೆ ಹೇಳ್ದೆ.’ ಸ್ವಲ್ಪ ಹೊತ್ತು ಬಿಟ್ಟು ಅಂದರು: ‘ಗೂಡ್ಸು ಹೋಯ್ತು ಅಂತ ಸುಳ್ಳು ನಿಜ ಆಗ್ಲಿಲ್ಲ. ಅದು ಈಗ್ಲೂ ಹಂಗೇ ಐತೆ.’

ಹುಡುಗ ಎದ್ದು ಪಕ್ಕದ ಮನೆಗೆ ಹೋದ. ಶೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ನಾರು, ಸುರಂಗ, ಸಹಿ. ಕ್ರಿಕೆಟ್ಟನ್ನೂ ಬಿಡಲಿಲ್ಲ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಡ್ರಾಯರಿನಿಂದ ಒಂದು ದೊಡ್ಡ ಕಾಂತ ತೆಗೆದು, ಅದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ, ದಾರ ಕಟ್ಟಿ ಅವನ ಕೈಗೆ ಕೊಟ್ಟರು. ಹಳಿಯ ಮೇಲೆ, ಜಲ್ಲಿಯ ಮೇಲೆ ಇಂಚಿಂಚೂ ಎಳೆಯಬೇಕು. ಚೀಲಕ್ಕೆ ಎಳೆ ಹತ್ತಿದರೆ ಕೊಡವಿ ಮತ್ತೆ ಎಳೆಯಬೇಕು. ಏನೂ ಹತ್ತದಂತಾಗುವವರೆಗೆ.

ಇಂಗ್ಲೆಂಡಿನ ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಹುಡುಗ ಒಂದು ಕಂಬಿ ಹಿಡಿದು ಹೊರಟ. ತಾತ ಅವನ ಪಕ್ಕದಲ್ಲಿ ನಡೆದರು. ಕಂಡ ಕಡೆ ಊರುಗೋಲಿನಿಂದ ತೋರಿಸಿದರು. ಅರವತ್ತು ಮೀಟರ್ ಮುಗಿದಾಗ ತಿರುಗಿ ಇನ್ನೊಂದು ಕಂಬಿ. ಸುರಂಗದೊಳಗೆ ಹುಡುಗ ಹೊಟ್ಟೆಯ ಮೇಲೆ ಮಲಗಿ ಭುಜದವರೆಗೆ ಕೈ ತೂರಿಸಿ ಉಜ್ಜಿ ಒರೆಸಿದ. ಹೊರಬಂದಾಗ ಮೂಗಿನ ಮೇಲೆಲ್ಲ ಜೇಡರ ಬಲೆ.

ಮಗನನ್ನು ಹುಡುಕಿಕೊಂಡು ಅಪ್ಪ ಬಂದದ್ದು ಆಗ. ಬೇಲಿಯ ಬಳಿಯೇ ನಿಂತುಬಿಟ್ಟರು. ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ, ಅಳೆದಂಥ ಹೆಜ್ಜೆ ಹಾಕುತ್ತಾ ಕಂಬಿಯ ಗುಂಟ ಬರುತ್ತಿದ್ದ ತಂದೆಯನ್ನು ಅವರು ಎಷ್ಟು ವರ್ಷಗಳ ಹಿಂದೆ ನೋಡಿದ್ದರೋ.

‘ಇವರಿಗೆ ಇದೆಲ್ಲ ಎಲ್ಲಿ ಕಲಿತದ್ದು?’ ಎಂದು ಯಜಮಾನರು ಕೇಳಿದರು. ಹುಡುಗ ಅಪ್ಪನ ಮುಖ ನೋಡಿದ. ಪ್ರಬಂಧದ ನೆನಪು ಇಬ್ಬರಿಗೂ ಬಂದಿರಬೇಕು. ಕಾಫಿ ತರಲು ಏಳುವ ಹಾಗಿರಲಿಲ್ಲ. ಅದು ಬೇರೆಯವರ ಹಿತ್ತಲು.

‘ನಮ್ಮ ತಂದೆ ಕೀಮ್ಯಾನ್ ಆಗಿದ್ದರು,’ ಎಂದು ಅಪ್ಪ ಇಂಗ್ಲಿಷಿನಲ್ಲಿ ಹೇಳಿದರು. ‘ಮೂವತ್ತು ವರ್ಷಕ್ಕೂ ಮೇಲೆ ದಿನಾ ಹಳಿಯ ಮೇಲೆ ನಡೆದರು. ಆ ಸಂಬಳದಲ್ಲೇ ನಾನು ಓದಿದ್ದು.’

ಯಜಮಾನರಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. ನಲವತ್ತು ವರ್ಷ ಫಿಟ್ಟರ್ ಆಗಿದ್ದ ಮನುಷ್ಯ. ‘ಮೊದಲೇ ಅಂದುಕೊಂಡೆ,’ ಎಂದು ಹೇಳಿ ಚಹಾಕ್ಕೆ ನೀರಿಡಲು ಒಳಗೆ ಹೋದರು. ಅಪ್ಪ ಷರಟಿನ ತೋಳು ಮಡಚಿ, ಮಗನ ಕೈಯಿಂದ ಕಾಂತ ತೆಗೆದುಕೊಂಡು ಸ್ಟೇಷನ್ನಿನ ಹಿಂದಿನ ಜಲ್ಲಿಯ ಮೇಲೆ ಎಳೆಯತೊಡಗಿದರು. ‘ಅಲ್ಲಲ್ಲ, ಆ ಕಡೆಯಿಂದ ಬಾರಪ್ಪ,’ ಎಂದರು ತಾತ.

ಎಂಜಿನ್ನಿನ ಮೋಟಾರು ಬದಲಾಯಿಸಬೇಕಾಯಿತು. ಅರ್ಧ ಖರ್ಚು ಹುಡುಗನ ಕೈಖರ್ಚಿನಿಂದ, ಎಂಟು ತಿಂಗಳಲ್ಲಿ. ಉಳಿದರ್ಧ ಕೊಡಲು ಅಪ್ಪ ಹೋದಾಗ ಯಜಮಾನರು ತೆಗೆದುಕೊಳ್ಳಲಿಲ್ಲ. ಆರೈಕೆ ಮನೆಯ ಡಬ್ಬಿ ತೋರಿಸಿದರು.

ಹೊರಗೆ ಓಡುವ ಆಟದ ರೈಲುಗಳಿಗೆ ಈಗ ಬ್ಯಾಟರಿ ಬಂದಿದೆ. ಎಂಜಿನ್ನಿನೊಳಗೇ ಬ್ಯಾಟರಿ, ಕೈಯಲ್ಲಿ ರೇಡಿಯೊ ಕಂಟ್ರೋಲ್. ಕಂಬಿಯಲ್ಲಿ ಕರೆಂಟು ಬೇಡ, ಹೊಳೆಯುವಂತೆ ಒರೆಸುವುದೂ ಬೇಡ. ಯಜಮಾನರೂ ಕೊನೆಯ ವರ್ಷಗಳಲ್ಲಿ ಬ್ಯಾಟರಿಗೇ ಬದಲಾದರು, ಮಂಡಿನೋವು. ಆದರೂ ಬಿದ್ದ ಎಲೆ, ಸರಿದ ಜಲ್ಲಿ, ಸಡಿಲವಾದ ಜೋಡಣೆ ನೋಡಲು ಓಡಾಟದ ಮೊದಲು ಒಬ್ಬರು ನಡೆದುಬರಲೇಬೇಕಿತ್ತು. ಅದಕ್ಕೆ ಬ್ಯಾಟರಿ ಇನ್ನೂ ಬಂದಿಲ್ಲ.

ಆ ನೋಟ್‌ಪುಸ್ತಕ ಈಗ ಹುಡುಗನ ಬಳಿ ಇದೆ. 2009ರ ಜುಲೈ ತಿಂಗಳ ಆ ಪುಟದಲ್ಲಿ ‘ಪೂರ್ತಿ ಒರೆಸಿದೆ, ಎಲ್ಲ ಸರಿಯಾಗಿದೆ’ ಎಂಬ ಸಾಲಿನ ಮೇಲೆ ಒಂದು ಗೆರೆ ಎಳೆದಿದೆ. ಹೊಡೆದುಹಾಕಿದ್ದನ್ನು ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕೆಂದು ಯಜಮಾನರು ಹೇಳಿದ್ದರು. ಅದರ ಕೆಳಗೆ ಹುಡುಗನ ಅಕ್ಷರದಲ್ಲೇ ‘ಒರೆಸಿರಲಿಲ್ಲ. ಈಗ ಒರೆಸಿದೆ’ ಎಂದಿದೆ. ಪಕ್ಕದಲ್ಲಿ ಮೂರು ಸಹಿ. ಎರಡು ಇಂಗ್ಲಿಷಿನಲ್ಲಿ. ಮೂರನೆಯದು ಕನ್ನಡದಲ್ಲಿ, ಸಂಬಳದ ಪಟ್ಟಿಗೆ ಹಾಕಿ ಹಾಕಿ ಪಳಗಿದ ಕೈಯದು, ಗುಂಡಗೆ, ಒಂದೂ ಅಕ್ಷರ ಬಿಡದೆ.